ಐದು ಶನಿವಾರದ ಜ್ವರ

ಮೂರು ತಿಂಗಳಲ್ಲಿ ಉಮಾಶ್ರೀಗೆ ಐದು ಸಲ ಜ್ವರ ಬಂದಿತ್ತು, ಐದೂ ಸಲ ಶನಿವಾರವೇ.

ಒಂಬತ್ತು ವರ್ಷದ ಮಗು ಮುನವಳ್ಳಿಯಲ್ಲಿ ತಂದೆ ಸಂದೀಪನ ಹತ್ತಿರ ಇರಬೇಕು, ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತಾಯಿಯ ಜೊತೆ ಕಳಿಸಬೇಕು ಎಂದು ವಿಚ್ಛೇದನದ ವೇಳೆ ಕೋರ್ಟು ಆದೇಶ ಮಾಡಿತ್ತು. ತಾಯಿ ಯಶೋಧಾ ಬೈಲಹೊಂಗಲದ ಒಂದು ದವಾಖಾನೆಯಲ್ಲಿ ರಕ್ತಪರೀಕ್ಷೆ ಮಾಡುವಾಕೆ. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಸಂದೀಪ ಬಾಗಿಲಲ್ಲೇ ನಿಂತು, "ಜ್ವರ ಬಂದಾವ, ಮಲಗ್ಯಾಳ. ಎಬ್ಬಸಬ್ಯಾಡ," ಅನ್ನುತ್ತಿದ್ದ.

ಐದನೇ ಸಲ ಆಕೆ ಜಗ್ಗಲಿಲ್ಲ. ಅವನು ಒಳಗಿನಿಂದ ರಕ್ತದ ರಿಪೋರ್ಟು ತಂದುಕೊಟ್ಟ. ಮೇಲೆ ಮಗಳ ಹೆಸರಿತ್ತು. ಹಿಮೋಗ್ಲೋಬಿನ್ ಹದಿನಾರೂವರೆ. ಯಶೋಧಾಳ ಕಣ್ಣು ಅಲ್ಲೇ ನಿಂತಿತು. ಒಂಬತ್ತು ವರ್ಷದ ಮಗುವಿಗೆ ಅಷ್ಟಿರುವುದಿಲ್ಲ, ಅದು ಬೆಳೆದ ಗಂಡಸಿನ ರಕ್ತ. ಬಾಗಿಲ ಹೊರಗೆ ಮಗುವಿನ ಚಪ್ಪಲಿಯೂ ಕಾಣಲಿಲ್ಲ. ರಿಪೋರ್ಟಿನ ಫೋಟೋ ತೆಗೆದುಕೊಂಡು ಬಂದಳು.

ಸೋಮವಾರ ಮಗಳ ಸಾಲಿಗೆ ಹೋದಾಗ ಹೆಡ್ ಮಾಸ್ತರರು, "ರಾಮದುರ್ಗದಾಗ ಅತ್ತಿ ಮನಿಯಾಗ ಇಡ್ತೀವಂತ ಮೂರು ತಿಂಗಳ ಹಿಂದ ಟಿ.ಸಿ. ಒಯ್ದಾರಲ್ರಿ. ನಿಮಗ ಹೇಳಿಲ್ಲೇನು?" ಎಂದರು.

ಯಶೋಧಾಳ ವಕೀಲೆ ಸುಚೇತಾ ಆದೇಶದ ಜಾರಿಗಾಗಿ ಅರ್ಜಿ ಹಾಕಿದರು. ನ್ಯಾಯಾಧೀಶರು ರಿಪೋರ್ಟನ್ನು ಎರಡು ಸಲ ನೋಡಿ, ಮುಂದಿನ ನಾಲ್ಕನೇ ಶನಿವಾರ ಆದೇಶ ಜಾರಿ ಮಾಡುವ ಕೋರ್ಟಿನ ಅಮೀನ ವೀರಪ್ಪನೇ ಹೋಗಿ ಮಗುವನ್ನು ತಾಯಿಯ ಕೈಗೆ ಕೊಡಿಸಬೇಕೆಂದರು.

ರಾಮದುರ್ಗದ ಬಸ್ಸಿನಲ್ಲಿ ವೀರಪ್ಪ ಮುಖ ಆಚೆ ಮಾಡಿ ಫೋನಿನಲ್ಲಿ, "ಹೂಂ, ಹೊಂಟೇವಿ. ಹತ್ತಕ್ಕ ಬರತೇವಿ," ಅಂದ. ಸಂದೀಪನಿಗೆ ಸುದ್ದಿ ಮುಟ್ಟಿತು ಎಂದೇ ಯಶೋಧಾಗೆ ಅನಿಸಿತು.

"ಯಾರಿಗೆ ಹೇಳಿದ್ರಿ?"

ಆತ ಫೋನನ್ನೇ ಆಕೆಯ ಕೈಗಿಟ್ಟ. "ಪೊಲೀಸ ಠಾಣಾಕ್ಕ್ರಿ. ಹೆಣ್ಣ ಪೊಲೀಸ ಒಬ್ಬಾಕಿ ಇರಲಿ ಅಂತ. ನೋಡ್ರಿ ಬೇಕಾದ್ರ."

ಆಕೆ ನಾಚಿಕೆ ಬಿಟ್ಟು ನಂಬರು ನೋಡಿದಳು. ಠಾಣೆಯದೇ.

ಬಾಗಿಲು ತೆರೆದ ಸಂದೀಪನ ಅಕ್ಕ ಕಾಡವ್ವ, "ಹುಡುಗಿ ಇಲ್ಲಿಲ್ಲ," ಅಂದಳು. ವೀರಪ್ಪ ಹೊಸ್ತಿಲಲ್ಲೇ ನಿಂತು ಆದೇಶವನ್ನು ಗಟ್ಟಿಯಾಗಿ ಓದತೊಡಗಿದ. ತನ್ನ ಹೆಸರು ಕೇಳಿ ಉಮಾಶ್ರೀ ಅಡಿಗೆಮನೆಯಿಂದ ತಾನೇ ಹೊರಗೆ ಬಂದಳು. ತಾಯಿಯನ್ನು ನೋಡಿ ಓಡಿ ಬರಲಿಲ್ಲ, ಗೋಡೆಗೆ ಒತ್ತಿಕೊಂಡು ನಿಂತಳು. ಪೊಲೀಸಾಕೆ ಕೈ ಹಿಡಿದ ಮೇಲೆ ಹೆಜ್ಜೆ ಇಟ್ಟಳು.

ಹತ್ತಿರದ ಖಾನಾವಳಿಯಲ್ಲಿ ಯಶೋಧಾ ಶೇಂಗಾ ಹೋಳಿಗೆಯ ಡಬ್ಬಿ ಬಿಚ್ಚಿದಳು. ಹುಡುಗಿ ಮುಟ್ಟಲಿಲ್ಲ.

"ನೀ ಮೊದಲ ತಿನ್ನು."

"ಯಾಕ ಮಗಳ?"

"ನೀ ಏನರ ಹಾಕಿರತಿ ಅಂತ ಅತ್ತಿ ಹೇಳ್ಯಾಳ. ತಿಂದ್ರ ಅಪ್ಪನ್ನ ಮರತ ಬಿಡತೇನಂತ."

ಯಶೋಧಾ ಒಂದು ತುಂಡು ಮುರಿದು ಅಗಿದು ನುಂಗಿದಳು. ಉಮಾಶ್ರೀ ಆಕೆಯ ಗಂಟಲನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು, "ಈಗ ನನ್ನ ಹೆಸರೇನ ಹೇಳು," ಅಂದಳು.

"ಉಮಾಶ್ರೀ."

"ಅಪ್ಪಂದು?"

ಎಷ್ಟೋ ದಿನದಿಂದ ಬಾಯಲ್ಲಿ ಬಾರದ ಹೆಸರದು. "ಸಂದೀಪ," ಅಂದಳು ಯಶೋಧಾ. ಹುಡುಗಿ ಅರ್ಧ ಹೋಳಿಗೆ ತೆಗೆದುಕೊಂಡಳು.

ಕೋರ್ಟಿನ ಮುಂದಿನ ತಾರೀಖಿಗೆ ಸಂದೀಪ, ಲ್ಯಾಬಿನವರೇ ತಪ್ಪು ಮಾಡಿದ್ದಾರೆ ಅಂದ. ನ್ಯಾಯಾಧೀಶರು ಒಪ್ಪಲಿಲ್ಲ. ಇನ್ನೊಂದು ಶನಿವಾರ ತಪ್ಪಿದರೆ ಮಗು ಯಾರ ಹತ್ತಿರ ಇರಬೇಕೆಂಬುದನ್ನೇ ಮತ್ತೆ ವಿಚಾರಿಸುವುದಾಗಿ ಹೇಳಿದರು. ಹುಡುಗಿಯನ್ನು ಅವನು ಮುನವಳ್ಳಿಗೆ ವಾಪಸು ಕರೆತಂದ. ಆಮೇಲೆ ಒಂದು ಭೇಟಿಯೂ ತಪ್ಪಲಿಲ್ಲ.

ಮೂರನೇ ಭೇಟಿಯಲ್ಲಿ ಮಲಪ್ರಭೆಯ ಹಿನ್ನೀರಿನ ದಂಡೆಯ ಮೇಲೆ ಕೂತಾಗ ಯಶೋಧಾ ತಡೆಯಲಾರದೆ ಕೇಳಿದಳು: "ಅಪ್ಪ ನನ್ನ ಬಗ್ಗೆ ಏನಂತಾನ?"

ಉಮಾಶ್ರೀ ಸ್ವಲ್ಪ ಸರಿದು ಕೂತಳು. "ಅವನೂ ಹಿಂಗ ಕೇಳತಾನ, 'ಅವ್ವ ನನ್ನ ಬಗ್ಗೆ ಏನಂತಾಳ' ಅಂತ."

ಯಶೋಧಾ ಮತ್ತೆಂದೂ ಅದನ್ನು ಕೇಳಲಿಲ್ಲ. ಕೇಳಬೇಕೆನ್ನಿಸಿದಾಗೆಲ್ಲ ಸಾಲಿಯ ಮಾತು ತೆಗೆದಳು.