ಸಭೆಯಲ್ಲಿ ಹೇಳದ ಹೆಸರು

ಸಭೆಯ ಬಯಲಿಗೆ ನಾನು ಹಿಡಿದುಕೊಂಡು ಹೋದದ್ದು ಹಿರಿಮಗ ಆಸ್ಮುಂಡನ ಕೊಡಲಿ. ಹೋದ ಸುಗ್ಗಿಯಲ್ಲಿ ಅವನನ್ನು ನಮ್ಮ ಕಣಜದ ಬಾಗಿಲಲ್ಲೇ ಕಡಿದುಹಾಕಿದವನು ಸಿಗ್ವಾಲ್ಡ. ಈಗ ಅದೇ ಸಿಗ್ವಾಲ್ಡ, ನಮ್ಮ ಸೀಮೆಗೂ ತಾನೇ ರಾಜನೆಂದು ಒಪ್ಪಿಸಿಕೊಳ್ಳಲು ಬಂಡೆ ಹತ್ತಿ ನಿಂತಿದ್ದ. ಮುಖದಲ್ಲಿ ಒಂದಿಷ್ಟಾದರೂ ನಾಚಿಕೆ ಬೇಡವೇ?

ರಾಜನಾಗಬೇಕೆನ್ನುವವನು ಸೀಮೆಯೊಳಗೆ ಕಾಲಿಡುವ ಮೊದಲು ನಾವು ಒತ್ತೆಯಾಳು ಕೊಡಬೇಕು. ಅವನು ಜೀವಂತ ಮರಳಿದರೆ ಒತ್ತೆಯಾಳೂ ಮರಳುತ್ತಾನೆ. ಈ ಸಲ ಚೀಟಿಯಲ್ಲಿ ಬಂದದ್ದು ನನ್ನ ಕಿರಿಮಗ ಸ್ವೇನುಂಗನ ಹೆಸರು. ಗಡಿಹೊಳೆಯಾಚೆ ಸಿಗ್ವಾಲ್ಡನ ಆಳುಗಳ ನಡುವೆ ಕೂತಿದ್ದ. ನನಗೆ ಉಳಿದಿದ್ದವನು ಅವನೊಬ್ಬನೇ.

ಕಾನೂನು ಹೇಳುವ ಹಿರಿಯ ಥೋರ್ಗೌಟ ಪದ್ಧತಿಯಂತೆ ಕೇಳಿದ, ಈ ಮನುಷ್ಯನ ಮೇಲೆ ಕೊಲೆಯ ದೂರು ಯಾರದಾದರೂ ಇದೆಯೇ ಎಂದು. ಕೊಲೆಯಾದವನ ಹೆಸರನ್ನು ಇಂದು ಹೇಳದಿದ್ದರೆ ಮುಂದೆ ಯಾವ ಸಭೆಯೂ ಕೇಳುವುದಿಲ್ಲ. ಇಡೀ ಬಯಲು ನನ್ನತ್ತ ತಿರುಗಿತು. ಅವನ ಮೇಲೆ ಎಲ್ಲರಿಗೂ ಹೊಟ್ಟೆಯಲ್ಲಿ ಬೆಂಕಿ; ನಾನು ಬಾಯಿ ಬಿಟ್ಟರೆ ಅವನು ಬಂಡೆಯಿಂದ ಜೀವಂತ ಇಳಿಯುತ್ತಿರಲಿಲ್ಲ.

ನೆರೆಹೊಲದ ಉಲ್ವ ನನ್ನ ಪಕ್ಕೆ ತಿವಿದ. "ಹೇಳೋ ಹೋಲ್ಮ್‌ಗೇರ. ಮಗನ ಹೆಸ್ರು ಒಂದ್ ಹೇಳು, ಮಿಕ್ಕಿದ್ದು ನಾವ್ ನೋಡ್ಕೋತೀವಿ. ಬಾಯಿ ಬಿದ್ದೋಯ್ತಾ?"

ಆಸ್ಮುಂಡನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಅಷ್ಟು ಕಹಿಯಾದದ್ದನ್ನು ನಾನು ಹುಟ್ಟಿದಾಗಿನಿಂದ ನುಂಗಿರಲಿಲ್ಲ.

"ನಂದೇನೂ ದೂರಿಲ್ಲ," ಎಂದೆ.

ಯಾರೂ ಗುರಾಣಿ ಬಡಿಯಲಿಲ್ಲ. ಸುಮ್ಮನಿದ್ದರೆ ಇನ್ನೊಬ್ಬ ಎದ್ದು ದೂರು ಹೇಳಿಯಾನು. ಕೊಡಲಿ ಎತ್ತಿ ನನ್ನ ಗುರಾಣಿಗೆ ನಾನೇ ಬಡಿದೆ. ನಮ್ಮಲ್ಲಿ ಒಪ್ಪಿಗೆ ಎಂದರೆ ಅದೇ. ಒಬ್ಬಂಟಿಯಾಗಿ ಬಡಿದೆ, ಅಳುತ್ತಾ ಬಡಿದೆ. ಉಲ್ವ ನನ್ನ ಕಾಲ ಬಳಿ ಉಗಿದು, ಕೊನೆಗೆ ತಾನೂ ಬಡಿದ. ಸತ್ತವನ ಅಪ್ಪನೇ ಒಪ್ಪಿದ ಮೇಲೆ ಉಳಿದವರದೇನು? ಬಯಲೆಲ್ಲ ಗುರಾಣಿಗಳ ಸದ್ದಾಯಿತು. ಸಿಗ್ವಾಲ್ಡ ರಾಜನಾದ.

ಮೂರನೆಯ ದಿನ ಸ್ವೇನುಂಗ ನಡೆದುಕೊಂಡೇ ಮನೆಗೆ ಬಂದ. ಬಾರ್ಲಿ ಗಂಜಿ ಬಡಿಸಿದೆ. ಅವನು ಬಟ್ಟಲು ಮುಟ್ಟಲಿಲ್ಲ.

"ಅಣ್ಣನ ಹೆಸ್ರು ಹೇಳಿದ್ಯೇನಪ್ಪಾ?"

ಇಲ್ಲವೆಂದು ತಲೆಯಾಡಿಸಿದೆ.

ಅವನು ಗೋಡೆಯ ಮೇಲಿನ ಅಣ್ಣನ ಕೊಡಲಿಯತ್ತ ತಿರುಗಿದ. "ನಮ್ಮಪ್ಪ ಹೇಳೇ ಹೇಳ್ತಾನೆ, ನನ್ ನೇಣಿಗೆ ಹಗ್ಗ ತಂದಿಟ್ಕೊಳ್ಳಿ ಅಂತ ಅವ್ರಿಗೆ ನಾನೇ ಹೇಳಿದ್ದೆ," ಎಂದ.