ಉರ್ಫ್ ಮೂಕಪ್ಪ

“ನಿನ್ನ ಹೆಸರೇನಲೇ ಮಗನ?”

“ಮೂಕಪ್ಪರಿ.”

“ಸಾಹೇಬನ ಮುಂದ ಹಿಂಗ ಗೊಣಗತೀಯೇನು? ಗಟ್ಟಿಯಾಗಿ ಹೇಳು.”

“ಮೂಕಪ್ಪರೀ.”

“ಹಾಂ. ಮತ್ತೊಮ್ಮಿ.”

ತಲೆಯ ಮೇಲೆ ಸೆಗಣಿಯ ಬುಟ್ಟಿ ಹೊತ್ತುಕೊಂಡೇ ಮೂಕಪ್ಪ ಏಳನೆಯ ಸಲ ತನ್ನ ಹೆಸರು ಹೇಳಿದ. ಬುಟ್ಟಿಯಿಂದ ಇಳಿದ ರಸ ಕಿವಿಯ ಹಿಂದೆ ಹಾದು ಕುತ್ತಿಗೆಗೆ ಬಂದಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹುಚ್ಚೀರಪ್ಪಗೌಡರು ಪಡಸಾಲೆಯ ಕಂಬಕ್ಕೆ ಒರಗಿ ಖಾದಿ ಟೋಪಿಯ ಮಡಿಕೆ ತೀಡುತ್ತಿದ್ದರು. ಅವರಿಗೆ ಗದಗಿಗೆ ಹೋಗುವುದಿತ್ತು. ಅಲ್ಲಿ ಏಕೀಕರಣದ ಸಭೆ. ಕನ್ನಡಿಗರೆಲ್ಲ ಭೇದ ಮರೆತು ಒಂದೇ ಹೆಸರಿನ ಕೆಳಗೆ ಬರಬೇಕು ಎಂದು ಅವರು ಭಾಷಣ ಮಾಡುವವರಿದ್ದರು. ಹೊರಡುವ ಮುಂಚೆ ಮನೆಯಲ್ಲಿ ಈ ಹೆಸರಿನ ಕೆಲಸವೊಂದು ಮುಗಿಯಬೇಕಾಗಿತ್ತು.

ಮರುದಿನ ಮುಂಡರಗಿಯಿಂದ ಕಂದಾಯದ ಸಾಹೇಬರು ಊರ ಚಾವಡಿಗೆ ಬರುವವರಿದ್ದರು. ಕುಳಕಾಯ್ದೆ ಬಂದಿತ್ತು. ಯಾರ ಹೊಲವನ್ನು ಯಾರು ಉಳುತ್ತಾರೆಂದು ಕೇಳಿ ಬರೆದುಕೊಳ್ಳುತ್ತಾರೆ. ಹೆಸರು ಬರೆಸಿಕೊಂಡ ಕುಳವನ್ನು ಹೊಲದಿಂದ ಎಬ್ಬಿಸುವಂತಿಲ್ಲ. ಬರೆಸಿಕೊಳ್ಳದವನು ಬರುವ ಯುಗಾದಿಗೆ ನೇಗಿಲು ಹೊತ್ತುಕೊಂಡು ಹೊರಗೆ. ಗೌಡರ ನಾಲ್ಕೆಕರೆ ಎರೆಹೊಲವನ್ನು ಮೊದಲು ಮೂಕಪ್ಪನ ಅಪ್ಪ, ಅವನು ಸತ್ತ ಮೇಲೆ ಮೂಕಪ್ಪ, ಒಟ್ಟು ಮೂವತ್ತು ವರ್ಷ ಉತ್ತಿದ್ದರು. ಹೊಲದ ದಾಖಲೆಯಾದ ಉತಾರದಲ್ಲಿ ಕುಳದ ಹೆಸರೂ ಇತ್ತು. ತೊಡಕೆಂದರೆ ಅದು ಮೂಕಪ್ಪ ಎಂದಿರಲಿಲ್ಲ, ಹುಚ್ಚೀರಪ್ಪ ಎಂದಿತ್ತು.

ಅದು ಸುಳ್ಳೇನೂ ಅಲ್ಲ. ನಲವತ್ತು ವರ್ಷದ ಹಿಂದೆ ಗೌಡರ ವಾಡೆಯಲ್ಲಿ ಗದಿಗೆವ್ವಗೌಡಸಾನಿ, ಕೇರಿಯಲ್ಲಿ ದೇವವ್ವ, ಇಬ್ಬರೂ ಹುಚ್ಚೀರಜ್ಜನ ಗದ್ದುಗೆಗೆ ಹರಕೆ ಹೊತ್ತರು. ಅಜ್ಜನಿಗೆ ವಾಡೆ ಯಾವುದು ಕೇರಿ ಯಾವುದು ಗೊತ್ತಾಗಲಿಲ್ಲವೋ ಏನೋ, ಇಬ್ಬರಿಗೂ ಒಂದೇ ತಿಂಗಳಲ್ಲಿ ಗಂಡುಮಗು ಕೊಟ್ಟುಬಿಟ್ಟ. ಇಬ್ಬರೂ ಅಜ್ಜನ ಹೆಸರನ್ನೇ ಇಟ್ಟರು. ಗೌಡಸಾನಿಗೆ ಸುದ್ದಿ ಮುಟ್ಟಿದಾಗ ದೇವವ್ವನನ್ನು ಕರೆಸಿದಳು. ನನ್ನ ಮಗನ ಹೆಸರು ಹಿಡಿದು ಕೇರಿಯ ಹೆಂಗಸರೆಲ್ಲ ‘ಲೇ’ ಅನ್ನುವುದೇ, ಅವನ ಕುಂಡಿ ತೊಳೆಯುವಾಗ ನನ್ನ ಮಗನ ಹೆಸರು ಕರೆಯುವುದೇ ಎಂದು ಕೇಳಿದಳು. ಬಾಣಂತಿಯನ್ನು ಬಿಸಿಲಲ್ಲಿ ನಿಲ್ಲಿಸಿ, ಅಳದೆ ಮಲಗಿದ್ದ ಕೂಸನ್ನು ನೋಡಿ, ಮೂಕಪ್ಪ ಅನ್ನಿರಿ ಸಾಕು ಎಂದು ಹೇಳಿ ಒಳಗೆ ಹೋದಳು. ಅಂದಿನಿಂದ ಅವನು ಮೂಕಪ್ಪ.

ಆದರೆ ಮೂಕಪ್ಪನ ತಲೆ ಮೂಕಾಗಿರಲಿಲ್ಲ. ಅಪ್ಪ ಸತ್ತಾಗ ಮುದಿ ಕುಲಕರ್ಣಿಯೊಬ್ಬನೇ ಇದ್ದ ಹೊತ್ತು ನೋಡಿ, ಕಿವಿಯ ಹತ್ತಿರ ಬಗ್ಗಿ, ತನ್ನ ಖರೆ ಹೆಸರು ಬರೆಸಿ ಬಂದಿದ್ದ. ಕುಲಕರ್ಣಿ ‘ಹುಚ್ಚೀರಪ್ಪ ತಂದೆ ದೇವಪ್ಪ’ ಎಂದು ದುಂಡಗೆ ಬರೆದಿದ್ದ. ಆಮೇಲೆ ದಫ್ತರಕ್ಕೆ ಗೆದ್ದಲು ಹತ್ತಿತು. ‘ಹುಚ್ಚೀರಪ್ಪ ತಂದೆ’ ಎಂಬತನಕ ಬಿಟ್ಟು ಅಪ್ಪನನ್ನು ತಿಂದುಹಾಕಿತು. ಉಳಿದ ಹುಚ್ಚೀರಪ್ಪ ತಾನೇ ಎಂದು ಈಗ ಗೌಡರು ಹೇಳುತ್ತಿದ್ದರು.

ಮಧ್ಯಾಹ್ನ ಹೊಲದಲ್ಲಿ ರೊಟ್ಟಿ ಬಿಚ್ಚಿದಾಗ ಮೂಕಪ್ಪನ ಬಾಯಿ ತೆರೆಯಿತು. ಮುಂಡರಗಿ ಸಂತೆಯಲ್ಲಿ ಚುರಮುರಿ ಕಟ್ಟಿಕೊಟ್ಟಿದ್ದ ಪತ್ರಿಕೆಯ ತುಂಡಿನಲ್ಲಿ ಕುಳಕಾಯ್ದೆಯ ಅರ್ಧ ಇತ್ತು. ಉಳಿದರ್ಧ ಮತ್ತಾರದೋ ಚುರಮುರಿಗೆ ಹೋಗಿತ್ತು. ರಾತ್ರಿಶಾಲೆಯಲ್ಲಿ ಕಲಿತ ಅಕ್ಷರದಿಂದ ಅವನು ಅಷ್ಟನ್ನು ಓದಿ, ಉಳಿದದ್ದನ್ನು ತಾನೇ ಯೋಚಿಸಿ, ಹನ್ನೊಂದು ಮಾತು ಹೊಂದಿಸಿದ್ದ. ಹೊಲದ ನಾಲ್ಕು ಬಾಂದುಗಲ್ಲು ಎಲ್ಲಿವೆ, ಬನ್ನಿಗಿಡ ಯಾವ ವರ್ಷ ಬಿತ್ತು, ಯಾವ ಸುಗ್ಗಿಯಲ್ಲಿ ಎಷ್ಟು ಚೀಲ ಜೋಳ ವಾಡೆಗೆ ಹೋಯಿತು, ಎಲ್ಲವನ್ನೂ ತಡೆಯಿಲ್ಲದೆ ಹೇಳಿದ. ಪಕ್ಕದ ಹೊಲ ಮಾಡುತ್ತಿದ್ದ ಖಾಸಿಂಸಾಬ ರೊಟ್ಟಿ ಮರೆತು ಕೇಳಿದ. ಇಂಥವನು ಧಾರವಾಡದ ಕೋರ್ಟಿನಲ್ಲಿ ಇರಬೇಕಾಗಿತ್ತು ಎಂದ.

ಹನಮಂತವ್ವ ಗಂಡನ ಕಡೆ ನೋಡಲಿಲ್ಲ. ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದಳು.

“ಹನ್ನೊಂದು ಮಾತು ಕುಡಗೋಲಿನಂಗ ಅದಾವು, ಖರೆ. ಗೌಡನ ಕಂಡ್ರ ಎಲ್ಲಿ ಹೊಕ್ಕಾವು?”

“ಹೊತ್ತು ನೋಡಿ ಮಾತಾಡಬೇಕಾಕ್ಕತಿ. ಅದಕ್ಕ ಶಾಣ್ಯಾತನ ಅಂತಾರ.”

“ಹೊತ್ತು ನೋಡಿ ನೋಡಿ ಹೆಸರ ಹೋತು. ಇನ್ನ ಹೊಲಾ ಹೋಕ್ಕತಿ. ಶಾಣ್ಯಾತನ ಬುಟ್ಟ್ಯಾಗ ಹೊತ್ತಕೊಂಡು ತಿರಗು.”

ಅವಳು ಹೆಸರು ಎಂದಳೇ ಹೊರತು ಹೆಸರು ಹೇಳಲಿಲ್ಲ. ಗಂಡನ ಹೆಸರು ಹೇಳುವುದು ಯಾವ ಗರತಿಗೂ ಸಲ್ಲದು. ಮದುವೆಯಲ್ಲಿ ಬೇರೆ ಹೆಣ್ಣುಮಕ್ಕಳು ಒಡಪಿನೊಳಗೆ ಸೇರಿಸಿಯಾದರೂ ಹೇಳುತ್ತಾರೆ. ಹನಮಂತವ್ವನ ಮದುವೆಯಲ್ಲಿ ಒಡಪು ಬಾಯಿಗೆ ಬರುವಷ್ಟರಲ್ಲಿ ಅತ್ತೆ ದೇವವ್ವ ಅಂಗೈಯಿಂದ ಅವಳ ಬಾಯಿ ಮುಚ್ಚಿದ್ದಳು. ವಾಡೆಯವರಿಗೆ ಕೇಳಿಸೀತು ಎಂಬ ಹೆದರಿಕೆ. ಹೀಗಾಗಿ ಇಪ್ಪತ್ತು ವರ್ಷ ಅವಳು ಗಂಡನನ್ನು ‘ಏ ಇಲ್ಲೆ, ಕೇಳಿಲ್ಲೆ’ ಎಂದೇ ಕರೆದು ಸಂಸಾರ ಮಾಡಿದ್ದಳು.

ಮರುದಿನ ಚಾವಡಿಯಲ್ಲಿ ಸಾಹೇಬರು ಮೂಗು ಒರೆಸಿಕೊಳ್ಳುತ್ತ ಕೂತಿದ್ದರು. ಅವರಿಗೆ ನೆಗಡಿ. ಸಂಜೆಯ ಬಸ್ಸಿಗೆ ತಿರುಗಿ ಹೋಗುವ ಅವಸರ ಬೇರೆ. ಗೌಡರು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ಕುಳಗಳೆಲ್ಲ ಕೆಳಗೆ ಅಂಗಳದಲ್ಲಿ ರುಮಾಲು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಹನಮಂತವ್ವ ರೊಟ್ಟಿಗಂಟಿನ ನೆಪದಲ್ಲಿ ಬಂದು ಬೇವಿನ ಗಿಡದ ಕೆಳಗೆ ಕೂತಿದ್ದಳು.

“ಸರ್ವೆ ನಂಬರ ನೂರಾ ನಾಲ್ಕು. ಕುಳ ಹುಚ್ಚೀರಪ್ಪ. ಯಾರು?”

“ನಾನರಿ,” ಎಂದರು ಗೌಡರು.

ಸಾಹೇಬರು ಕಾಗದ ನೋಡಿದರು, ಗೌಡರನ್ನು ನೋಡಿದರು. ಹೊಲದ ಮಾಲಕರೂ ನೀವೇ, ನಿಮ್ಮ ಹೊಲಕ್ಕೆ ಕುಳವೂ ನೀವೇ ಹೇಗೆ ಎಂದು ಕೇಳಿದರು. ಸತ್ತ ಕುಲಕರ್ಣಿಗೆ ಕಣ್ಣು ಕಾಣುತ್ತಿರಲಿಲ್ಲ, ಮಾಲಕರ ಹೆಸರನ್ನು ಕುಳದ ಜಾಗದಲ್ಲಿ ಬರೆದಿದ್ದಾನೆ, ಹೊಲವನ್ನು ಖುದ್ದು ನಾನೇ ಮಾಡುತ್ತೇನೆ ಎಂದರು ಗೌಡರು. ಅವರ ಅಂಗೈ ನೋಡಿದ್ದರೆ ಸಾಕಾಗುತ್ತಿತ್ತು. ಸಾಹೇಬರು ಅದನ್ನು ನೋಡಲಿಲ್ಲ. ಊರಲ್ಲಿ ಇನ್ನೊಬ್ಬ ಹುಚ್ಚೀರಪ್ಪ ಇದ್ದಾನೆಯೇ ಎಂದು ಅಂಗಳದ ಕಡೆ ತಿರುಗಿ ಕೇಳಿದರು.

ಕುಳಗಳೆಲ್ಲ ನೆಲ ನೋಡಿದರು. ಖಾಸಿಂಸಾಬನೂ ತನ್ನ ಹೆಬ್ಬೆರಳು ನೋಡುತ್ತ ನಿಂತ, ಅವನ ಹೊಲವೂ ಗೌಡರದೇ. ಮೂಕಪ್ಪನ ಹನ್ನೊಂದು ಮಾತುಗಳು ಒಂದರ ಹಿಂದೊಂದು ಗಂಟಲತನಕ ಬಂದವು. ಮುಂದಿನದು ನಿಂತಿತು, ಹಿಂದಿನವೆಲ್ಲ ಅದಕ್ಕೆ ಬಂದು ಹಾಯ್ದವು. ಗೌಡರು ಅವನ ಕಡೆ ಬೆರಳು ಮಾಡಿದರು.

“ಲೇ, ಸಾಹೇಬ್ರಿಗೆ ನಿನ್ನ ಹೆಸರ ಹೇಳಲೇ.”

“ಮೂ…” ಎಂದ ಅವನು.

ಏಳು ಸಲ ಬಾಯಿಪಾಠ ಮಾಡಿದ್ದೂ ಪೂರ್ತಿ ಹೊರಗೆ ಬರಲಿಲ್ಲ. ಸಾಹೇಬರು ಟಾಕನ್ನು ಮಸಿಯ ದೌತಿಗೆ ಅದ್ದಿದರು.

ಬೇವಿನ ಗಿಡದ ಕೆಳಗಿಂದ ರೊಟ್ಟಿಗಂಟು ಹಾರಿ ಬಂದು ಮೂಕಪ್ಪನ ಬೆನ್ನಿಗೆ ಬಡಿಯಿತು.

“ಲೇ ಹುಚ್ಚೀರಪ್ಪಾ!”

“ಆಂ?” ಎಂದರು ಗೌಡರು, ರೂಢಿಯಂತೆ.

ಹನಮಂತವ್ವ ಸೆರಗು ಬಿಗಿದುಕೊಂಡು ಅಂಗಳದ ನಡುವೆ ಬಂದಿದ್ದಳು. ಅವಳು ಯಾವ ಯುಕ್ತಿಯನ್ನೂ ಮಾಡಿ ಬಂದಿರಲಿಲ್ಲ. ಗಂಡನ ಮೇಲೆ ಅವಳಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು, ಅಷ್ಟೇ. “ಹುಚ್ಚೀರಪ್ಪಾ, ಹೇಡಿ ಸೂಳಿಮಗನ, ಬಾಯಾಗ ಸಗಣಿ ಇಟಗೊಂಡಿಯೇನು? ಯಾಕ ಗಂಡಸ ಆಗಿ ಹುಟ್ಟಿದ್ಯಲೇ ಹುಚ್ಚೀರಪ್ಪಾ?”

ಗೌಡರು ಕುರ್ಚಿಯಿಂದ ಎದ್ದುಬಿಟ್ಟರು.

“ಬಾಯಿ ಮುಚ್ಚಲೇ ರಂಡಿ. ಯಾರ ಹೆಸರ ಹಿಡದು ಬೈಯಾಕತ್ತೀದಿ, ಖಬರ ಐತೇನು?”

“ನನ್ನ ಗಂಡನ ಹೆಸರ ಹಿಡದು.”

“ಅದು ನನ್ನ ಹೆಸರು.”

ಮೂಕಪ್ಪನ ತಲೆಯಲ್ಲಿ ಏನೋ ಕಟ್ ಎಂದಿತು. ಹನ್ನೊಂದು ಮಾತಿನಲ್ಲಿ ಇಲ್ಲದ ಹನ್ನೆರಡನೆಯದೊಂದು ನೇರವಾಗಿ ನಾಲಗೆಗೆ ಬಂತು. ಅದು ತನ್ನ ದನಿಯೇ ಹೌದೋ ಅಲ್ಲವೋ ಎಂಬಂತೆ ಅವನು ತಾನೇ ಕಿವಿಗೊಟ್ಟು ಕೇಳಿದ.

“ಸಾಹೇಬ್ರ, ಇದನ್ನೂ ಬರಕೋರಿ. ಆಕಿ ಬೈದದ್ದು ಆಕಿ ಗಂಡಗ. ಆ ಗಂಡ ನಾನ ಅಂತ ಗೌಡ್ರು ಅನ್ನಾಕತ್ತಾರ.”

ಖಾಸಿಂಸಾಬನಿಗೆ ನಗೆ ಬಂತು. ಕೆಮ್ಮಿನಲ್ಲಿ ಮುಚ್ಚಲು ನೋಡಿದ. ಕೆಮ್ಮೇ ನಗೆಯಾಯಿತು. ಹಿಂದೆ ನಿಂತವರಿಗೂ ಅದೇ ಕೆಮ್ಮು ಹತ್ತಿತು. ಸಾಹೇಬರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಮೂಗು ಒರೆಸಿಕೊಂಡರು.

“ಗೌಡ್ರ, ಸ್ಪಷ್ಟ ಹೇಳ್ರಿ. ಈಕಿ ಬೈದ ಹುಚ್ಚೀರಪ್ಪ ನೀವೋ, ಬ್ಯಾರೆ ಒಬ್ಬ ಅದಾನೋ?”

ಗೌಡರು ಅಂಗಳ ನೋಡಿದರು. ಹನಮಂತವ್ವ ಮತ್ತೆ ಬಾಯಿ ತೆರೆಯುತ್ತಿದ್ದಳು.

“ನಾ ಅಲ್ರಿ. ಅಂವ,” ಎಂದು ಗಡಬಡಿಸಿ ಕೈ ತೋರಿಸಿದರು. “ಅಂವನ ಹುಚ್ಚೀರಪ್ಪ.”

ಹೇಳಿದ ಮೇಲೆ ಅವರಿಗೆ ತಾವು ಹೇಳಿದ್ದು ಕೇಳಿಸಿತು. ಅಷ್ಟರಲ್ಲಿ ಟಾಕು ಓಡುತ್ತಿತ್ತು. ಹುಚ್ಚೀರಪ್ಪ ಉರ್ಫ್ ಮೂಕಪ್ಪ ಎಂದು ಸಾಹೇಬರು ಬರೆಯುತ್ತ ಬಾಯಿಬಿಟ್ಟು ಓದಿದರು. ಉರ್ಫ್ ಬ್ಯಾಡ್ರಿ ಎಂದ ಅವನು. ಸಾಹೇಬರು ಒಮ್ಮೆ ತಲೆಯೆತ್ತಿ ನೋಡಿ ಅಷ್ಟನ್ನು ಗೀಚಿ ಹಾಕಿದರು. ತಂದೆಯ ಹೆಸರು ಕೇಳಿದಾಗ ಹುಚ್ಚೀರಪ್ಪ ದೇವಪ್ಪ ಎಂದ. ಅಲ್ಲಿಂದ ಬಾಂದುಗಲ್ಲಿಗೆ, ಬನ್ನಿಗಿಡಕ್ಕೆ, ಜೋಳದ ಚೀಲಕ್ಕೆ ಹೊರಟ. ಏಳನೆಯ ಮಾತಿಗೆ ಸಾಹೇಬರು ಸಾಕು ಮಾರಾಯಾ, ಬಸ್ಸು ಹೋಗುತ್ತದೆ ಎಂದು ಕೈ ಮುಗಿದರು. ಹೆಬ್ಬೆಟ್ಟಿನ ಮಸಿಯನ್ನು ಮುಂದೆ ಸರಿಸಿದರೆ ಅವನು ಟಾಕು ಬೇಡಿದ. ಸಹಿ ಮಾಡಲು ಬಹಳ ಹೊತ್ತು ಹಿಡಿಯಿತು, ಆ ಹೆಸರನ್ನು ಅವನು ಎಂದೂ ಬರೆದಿರಲಿಲ್ಲ.

ಮನೆಯ ಹಾದಿಯಲ್ಲಿ ಹನಮಂತವ್ವನ ಸಿಟ್ಟು ಇಳಿದು ನಾಚಿಕೆ ಏರಿತು. ಗಂಡನ ಹೆಸರು ಹೇಳಿದ ಪಾಪಕ್ಕೆ ಎರಡೂ ಕೆನ್ನೆ ಬಡಿದುಕೊಂಡಳು. ಸೂಳೆಮಗ ಎಂದದ್ದು ಅವಳಿಗೆ ನೆನಪಿಗೂ ಬರಲಿಲ್ಲ. ಹುಚ್ಚೀರಪ್ಪ ಇನ್ನೊಮ್ಮೆ ಕರೆ ಎಂದು ಬೇಡಿಕೊಂಡ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮುಂದೆ ಮುಂದೆ ನಡೆದಳು.

ಮೂರನೆಯ ದಿನ ಗಂಡಹೆಂಡತಿ ಜೋಳದ ಸಾಲಿನಲ್ಲಿ ಕೂತು ಕುರ್ಪಿಯಿಂದ ಕಸ ತೆಗೆಯುತ್ತಿದ್ದಾಗ ಗೌಡರು ಬದುವಿನ ಮೇಲೆ ಬಂದು ನಿಂತರು. ಹಿಂದೆ ಬಡಿಗೆ ಹಿಡಿದ ಇಬ್ಬರು ಆಳುಗಳಿದ್ದರು.

“ಲೇ ಮೂಕ್ಯಾ!”

ನಲವತ್ತು ವರ್ಷದ ರೂಢಿ, ಹುಚ್ಚೀರಪ್ಪನ ಕುತ್ತಿಗೆ ತಾನಾಗಿಯೇ ಹೊರಳಲು ನೋಡಿತು. ಪಕ್ಕದ ಸಾಲಿನಿಂದ ಹನಮಂತವ್ವ ಅವನನ್ನು ನೋಡುತ್ತಿದ್ದಳು. ಅವನು ಕುತ್ತಿಗೆಯನ್ನು ಬಿಗಿ ಹಿಡಿದು ಮುಂದಿನ ಕಸಕ್ಕೆ ಕುರ್ಪಿ ಹಾಕಿದ.

ಗೌಡರು ಮತ್ತೆ ಕರೆದರು. ಮೂರು ಸಲ, ನಾಲ್ಕು ಸಲ. ಸುತ್ತಲಿನ ಹೊಲಗಳಲ್ಲಿ ಬಗ್ಗಿದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಖಾಸಿಂಸಾಬ ಕೈಯಲ್ಲಿ ಕುರ್ಪಿ ಹಿಡಿದುಕೊಂಡೇ ತನ್ನ ಬದುವಿನತನಕ ಬಂದ.

“ಗೌಡ್ರ, ಆ ಹೆಸರಿನಾಂವ ಇಲ್ಲಿ ಯಾರೂ ಇಲ್ರಿ. ಯಾರು ಬೇಕಾಗಿತ್ತು?”

ಆಳುಗಳು ಬಡಿಗೆಗಳನ್ನು ಕೈಯಿಂದ ಕೈಗೆ ಬದಲಿಸಿಕೊಂಡು ಗೌಡರ ಮುಖ ನೋಡಿದರು. ಯಾರನ್ನು ಎಂದು ಅವರು ಹೇಳಬೇಕಾಗಿತ್ತು.

“ಹು…” ಎಂದರು ಗೌಡರು.

ಉಳಿದದ್ದು ಗಂಟಲಲ್ಲೇ ನಿಂತಿತು. ಹುಚ್ಚೀರಪ್ಪ ಹಿಂದೆ ನೋಡಲಿಲ್ಲ. ಸಾಲು ಇನ್ನೂ ಉದ್ದ ಇತ್ತು. ಬಾಕಿ ಮೂರಕ್ಷರ ಬರುವತನಕ ಅವನು ಕಸ ತೆಗೆಯುತ್ತ ಹೋದ.