ಪಟ್ಟಿ ಬರುವ ಮುಂಚಿನ ಸನ್ಮಾನ

ಪ್ರೇಮವ್ವ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಲಸುಬ್ರಹ್ಮಣ್ಯ ಫೋನ್ ಮಾಡಿದಾಗ ಆಕೆ ಅಮೆರಿಕದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ಮಗನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಕೈ ಹಿಟ್ಟಾಗಿದ್ದರಿಂದ ಸೊಸೆ ಸೌಜನ್ಯಾ ಫೋನನ್ನು ಆಕೆಯ ಕಿವಿಗೆ ಹಿಡಿದು ನಿಂತಿದ್ದಳು. ಬೇರೆಯವರು ಫೋನ್ ಹಿಡಿದಾಗ ಮನುಷ್ಯರು ಬೇಗಬೇಗ ಮಾತು ಮುಗಿಸಲು ನೋಡುತ್ತಾರೆ. ತಪ್ಪು ಅಲ್ಲಿಂದಲೇ ಶುರುವಾಯಿತು.

ಬಾಲಸುಬ್ರಹ್ಮಣ್ಯ ಸ್ಯಾನ್ ಡಿಯಾಗೋದ ಕನ್ನಡ ಸಂಘದ ಕಾರ್ಯದರ್ಶಿ. ಟೆಲಿಕಾಂ ಕಂಪನಿಯಿಂದ ರಿಟೈರ್ ಆದ ಮೇಲೆ ಸಂಘವನ್ನೇ ಆಫೀಸು ಮಾಡಿಕೊಂಡವರು. ಪ್ರತಿ ರಾಜ್ಯೋತ್ಸವಕ್ಕೂ ನಮ್ಮ ಮಕ್ಕಳಲ್ಲಿ ಒಬ್ಬರನ್ನು ವೇದಿಕೆಗೆ ಕರೆದು ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ತಟ್ಟೆ, ಮೇಲೊಂದು ಫಲಕ ಕೊಟ್ಟು ಸನ್ಮಾನ ಮಾಡುವುದು ಅಲ್ಲಿನ ಪದ್ಧತಿ.

"ಈ ಸಲ ಯಾರೂ ಸಿಕ್ತಾ ಇಲ್ಲಮ್ಮ," ಎಂದರು ಬಾಲಸುಬ್ರಹ್ಮಣ್ಯ. "ಬುದ್ಧಿವಂತ ಮಕ್ಕಳಿಗೇನೂ ಕಮ್ಮಿ ಇಲ್ಲ, ಆದರೆ ಯಾರ ಕೈಗೂ ಇನ್ನೂ ಸರ್ಟಿಫಿಕೇಟ್ ಬಂದಿಲ್ಲ. ನಿಮ್ಮ ಮೊಮ್ಮಗ ಕಾಲೇಜಲ್ಲಿ ಏನೋ ಫುಟ್‌ಬಾಲ್ ಆಡ್ತಾನಂತೆ?"

"ಆಡೂದೇನ್ರಿ, ಆಲ್-ಕಾನ್ಫರೆನ್ಸ್ ಆಗ್ಯಾನ."

"ಹಂಗಂದ್ರೆ?"

"ಎಂಟು ಕಾಲೇಜು ಕೂಡಿ ಆಡ್ತಾವಲ್ರೀ, ಆ ಎಂಟರಾಗ ಭಾಳ ಚಲೋ ಆಡಿದವ್ರನ್ನ ಆರಿಸಿ ಹೆಸರು ಹಾಕ್ತಾರ. ಅದರಾಗ ಇವನೂ ಬಂದಾನ."

"ಅದರಲ್ಲಿ ಫಸ್ಟ್, ಸೆಕೆಂಡ್ ಅಂತೆಲ್ಲ ಇರುತ್ತಾ?"

ಇರುತ್ತಿತ್ತು. ಫಸ್ಟ್ ಟೀಮ್, ಸೆಕೆಂಡ್ ಟೀಮ್ ಎಂದು ಎರಡಿದ್ದವು. ಎರಡರಲ್ಲಿ ಪ್ರೇಮವ್ವನಿಗೆ ಕೇಳಲು ಚೆನ್ನಾಗಿ ಕಂಡದ್ದು ಮೊದಲನೆಯದು. ತವೆಯ ಮೇಲೆ ರೊಟ್ಟಿ ಉಬ್ಬುತ್ತಿತ್ತು. "ಫಸ್ಟ್ ಬರ್ಕೋರಿ," ಎಂದುಬಿಟ್ಟಳು.

ಸೌಜನ್ಯಾ ಫೋನ್ ಕೆಳಗಿಟ್ಟು ಅತ್ತೆಯ ಮುಖ ನೋಡಿದಳು. "ಅತ್ತೀ, ಅವನು ಹೇಳಿದ್ದೇನು, ನೀವು ಹೇಳಿದ್ದೇನು?"

ಮೊಮ್ಮಗ ಕಾರ್ತಿಕೇಯ ಹೇಳಿದ್ದು ಇಷ್ಟೇ: ಕೋಚ್ ತನ್ನ ಹೆಸರು ಕಳಿಸುತ್ತೇನೆ ಅಂದಿದ್ದಾರೆ, ಆದರೂ ಆಗಬಹುದು. ಎಂಟು ಕಾಲೇಜಿನ ಕೋಚ್‌ಗಳು ವೋಟು ಹಾಕಬೇಕು. ಪಟ್ಟಿ ಹೊರಗೆ ಬರುವುದು ಕೊನೆಯ ಆಟವೂ ಮುಗಿದ ಮೇಲೆ, ನವೆಂಬರ್ ಇಪ್ಪತ್ತೊಂದಕ್ಕೆ. ಪ್ರೇಮವ್ವನ ಗದಗಿನ ಕಡೆ ಹುಡುಗಿ ನೋಡಲು ಬಂದವರು ಎರಡನೆಯ ಸಲ ಚಹಾ ಕೇಳಿದರೆ ಮದುವೆ ಆದಂತೆಯೇ ಲೆಕ್ಕ. ಹೆಸರು ಕಳಿಸಿದ ಮೇಲೆ ಆಗುವುದಕ್ಕೆ ಇನ್ನೇನು ಉಳಿಯಿತು ಎಂಬುದು ಆಕೆಯ ಎಣಿಕೆ.

"ಆದ್ರ ಆತು ಬಿಡವಾ," ಎಂದು ಆಕೆ ರೊಟ್ಟಿ ತಿರುವಿದಳು.

ಆದರೆ ಅದು ಎಷ್ಟು ಕಷ್ಟದ ಮಾತು ಎಂಬುದು ಪ್ರೇಮವ್ವನಿಗಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ. ಯಾಕೆಂದರೆ ಆರಿಸಿ ಬಂದವರ ಹೆಸರು ಕೊರೆದ ಕಾಲೇಜಿನ ಗೋಡೆಯನ್ನು ಪೂರ್ತಿ ಓದಿದವಳು ಆಕೆಯೊಬ್ಬಳೇ.

ಕಾರ್ತಿಕೇಯನ ಕಾಲೇಜು ಲಾಸ್ ಏಂಜಲೀಸ್ ಕಡೆ, ಡೈಮಂಡ್ ಬಾರ್ ಎಂಬ ಊರು ದಾಟಿ ಇನ್ನೂ ಅರ್ಧ ಗಂಟೆ. ಸಣ್ಣ ಕಾಲೇಜು, ಫುಟ್‌ಬಾಲ್ ಮಾತ್ರ ಹಳೆಯದು. ಈ ಸಲ ರಜೆ ಮುಗಿದು ಆಗಸ್ಟ್‌ನಲ್ಲಿ ಅವನನ್ನು ಬಿಡಲು ಹೋದಾಗ ಮಗ ಸೊಸೆ ಹಾಸಿಗೆ ದಿಂಬು ಹೊತ್ತು ಮಹಡಿ ಹತ್ತುತ್ತಿದ್ದರೆ, ಪ್ರೇಮವ್ವ ಜಿಮ್ಮಿನ ಹೊರಗೋಡೆಯ ಮುಂದೆ ನಿಂತಿದ್ದಳು. ಸಾವಿರದ ಒಂಬೈನೂರ ಐವತ್ತೇಳರಿಂದ ಆ ಕಾಲೇಜಿನಿಂದ ಆಲ್-ಕಾನ್ಫರೆನ್ಸ್ ಆದವರ ಹೆಸರೆಲ್ಲ ಹಿತ್ತಾಳೆ ಪಟ್ಟಿಗಳ ಮೇಲೆ ಕೊರೆದಿದ್ದವು. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಅಕ್ಷರ ಕಲಿತವಳು ಆಕೆ. ಅಂಥವರು ಓದಲು ಕುಳಿತರೆ ಒಂದನ್ನೂ ಬಿಡುವುದಿಲ್ಲ. ಬೆರಳಿಟ್ಟು ಓದಿದಳು. ಒಂದೇ ಮನೆತನದ ಅಪ್ಪ ಮಗ ಇಬ್ಬರೂ ಇದ್ದರು. ನಾಲ್ಕು ವರ್ಷವೂ ಬಂದ ಒಬ್ಬನಿದ್ದ. ಎರಡು ಸಾವಿರದ ಇಪ್ಪತ್ತು ಎಂಬ ಇಸವಿಯ ಎದುರಿಗೆ ಒಂದು ಹೆಸರೂ ಇರಲಿಲ್ಲ. ಆ ವರ್ಷ ಕೋವಿಡ್ಡಿನಿಂದ ಆಟವೇ ನಡೆದಿರಲಿಲ್ಲ, ಆದರೂ ಇಸವಿಯನ್ನು ಬಿಟ್ಟಿರಲಿಲ್ಲ. ಒಬ್ಬೊಬ್ಬರ ಹೆಸರಿನ ಮುಂದೆಯೂ ಅವರು ಆಡುವ ಜಾಗದ ಗುರುತು. ಇನ್ನೂರ ಹದಿನಾಲ್ಕು ಹೆಸರುಗಳಲ್ಲಿ ಕಾರ್ತಿಕೇಯನ ಜಾಗದವನು ಒಬ್ಬನೂ ಇರಲಿಲ್ಲ.

ಅವನದು ಲಾಂಗ್ ಸ್ನ್ಯಾಪರ್ ಎಂಬ ಕೆಲಸ. ಚೆಂಡನ್ನು ಒದೆಯುವ ಹೊತ್ತು ಬಂದಾಗ ಮೈದಾನಕ್ಕೆ ಇಳಿಯುತ್ತಾನೆ, ಬಗ್ಗಿ ಚೆಂಡು ಹಿಡಿಯುತ್ತಾನೆ, ಎರಡು ಕಾಲಿನ ಸಂದಿಯಿಂದ ಹದಿನೈದು ಗಜ ಹಿಂದೆ ನಿಂತವನ ಕೈಗೆ ಎಸೆಯುತ್ತಾನೆ. ಅವನು ಒದೆಯುತ್ತಾನೆ, ಜನ ಚಪ್ಪಾಳೆ ತಟ್ಟುವುದು ಒದ್ದವನಿಗೆ. ಎಸೆದವನ ಮೇಲೆ ಅಷ್ಟರಲ್ಲಿ ಎದುರಿನ ಇಬ್ಬರು ಬಿದ್ದಿರುತ್ತಾರೆ. ಇವನು ಸರಿಯಾಗಿ ಮಾಡಿದರೆ ಯಾರೂ ಇವನನ್ನು ನೋಡುವುದಿಲ್ಲ. ತಪ್ಪಿದರೆ ಇಡೀ ಊರಿಗೆ ಇವನ ಹೆಸರು ಗೊತ್ತಾಗುತ್ತದೆ. ಮೂರು ವರ್ಷದಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಅಕ್ಟೋಬರ್ ಕೊನೆಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಬಾಲಸುಬ್ರಹ್ಮಣ್ಯ ಅವರ ನಾದಿನಿ ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ತಂದ ಫಲಕ. ಬೀಟೆ ಮರದ ಮೇಲೆ ಹಿತ್ತಾಳೆ ತಗಡು, ಅದರ ಮೇಲೆ ಅಚ್ಚುಕಟ್ಟಾಗಿ ಕೆತ್ತಿಸಿದ್ದರು: 'ಅಮೆರಿಕನ್ ಫುಟ್‌ಬಾಲ್ ಕ್ರೀಡೆಯಲ್ಲಿ ಆಲ್-ಕಾನ್ಫರೆನ್ಸ್ ಪ್ರಥಮ ತಂಡಕ್ಕೆ ಆಯ್ಕೆಯಾಗಿ ಕನ್ನಡಿಗರ ಕೀರ್ತಿ ಹೆಚ್ಚಿಸಿದ ಚಿ. ಕಾರ್ತಿಕೇಯನಿಗೆ, ೨೦೨೩.'

ಬಾಯಿಂದ ಬಂದ ಮಾತು ಹಿತ್ತಾಳೆಯ ಮೇಲೆ ಕುಳಿತಾಗ ಹೇಗಿರುತ್ತದೆಂದು ಪ್ರೇಮವ್ವನಿಗೆ ಆಗ ಗೊತ್ತಾಯಿತು. ಕೂಡಲೇ ಫೋನ್ ಹಚ್ಚಿದಳು.

"ಬಾಲಸುಬ್ರಹ್ಮಣ್ಯ ಅವರ, ಆ ಪ್ರಥಮ ಅನ್ನೂದು..."

"ನೋಡಿದ್ರಾ? ಅಕ್ಷರ ಹೇಗಿದೆ ಹೇಳಿ. ನಾನೇ ಡಿಸೈನ್ ಮಾಡಿ ಕಳಿಸಿದ್ದು."

"ಅಕ್ಷರ ಚಲೋ ಅದಾವ್ರಿ. ಆದ್ರ ಪಟ್ಟಿ ಇನ್ನೂ..."

"ಪಟ್ಟಿ ಎಲ್ಲ ರೆಡಿ ಇದೆ ನೀವು ತಲೆ ಕೆಡಿಸ್ಕೋಬೇಡಿ. ಮೊದಲು ನಾಡಗೀತೆ, ಆಮೇಲೆ ಮಕ್ಕಳ ಡ್ಯಾನ್ಸು, ಮೂರನೇದೇ ನಿಮ್ಮ ಮೊಮ್ಮಗ. ಊಟಕ್ಕೆ ಬಿಸಿಬೇಳೆ ಬಾತು." ಅಷ್ಟು ಹೇಳಿ ಅವರು ಕೇಟರಿಂಗಿನವರ ಕರೆ ಬಂತೆಂದು ಇಟ್ಟೇಬಿಟ್ಟರು.

ಆಕೆ ಇನ್ನೂ ಎರಡು ಸಲ ಪ್ರಯತ್ನಿಸಿದಳು. ಒಮ್ಮೆ ಧ್ವನಿವರ್ಧಕದ ವಿಷಯ ಬಂತು, ಇನ್ನೊಮ್ಮೆ ಪಾರ್ಕಿಂಗ್ ವಿಷಯ ಬಂತು. ಕೊನೆಗೆ ಆಕೆ ಒಂದು ಸಮಾಧಾನ ಹುಡುಕಿಕೊಂಡಳು: ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಫಲಕ ಹಿಡಿದು ನಗುತ್ತಾನೆ, ಮನೆಗೆ ತರುತ್ತಾನೆ. ಇಪ್ಪತ್ತೊಂದರ ತನಕ ಅದನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟರಾಯಿತು.

ನವೆಂಬರ್ ಐದು, ಭಾನುವಾರ. ಕಾರ್ಲ್ಸ್‌ಬಾಡ್‌ನ ಒಂದು ಶಾಲೆಯ ಹಾಲ್ ತುಂಬಿತ್ತು. ಹಿಂದಿನ ದಿನವಷ್ಟೇ ಆಟ ಮುಗಿಸಿದ್ದ ಕಾರ್ತಿಕೇಯ ಲಾಸ್ ಏಂಜಲೀಸಿನಿಂದ ಡ್ರೈವ್ ಮಾಡಿಕೊಂಡು ನೇರ ಹಾಲಿಗೆ ಬಂದ. ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ಒಳಗೆ ಬರುವಷ್ಟು ಅವನ ಹೆಗಲು ಅಗಲ. ಬೆಂಗಳೂರಿನಿಂದ ಬಂದ ಪೇಟ ಅವನ ತಲೆಗೆ ಹಿಡಿಸಲಿಲ್ಲ. ಕುಂಬಳಕಾಯಿಯ ಮೇಲೆ ಬಟ್ಟಲು ಮಗುಚಿದಂತೆ ನೆತ್ತಿಯ ಮೇಲೆ ಕುಳಿತಿತ್ತು. ಬಾಲಸುಬ್ರಹ್ಮಣ್ಯ ಒಂದು ಕೈಯಿಂದ ಅದನ್ನು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಶಾಲು ಹೊದಿಸಿದರು.

ನಿರೂಪಣೆಗೆ ನಿಂತಿದ್ದ ವಂದನಾ ಫಲಕದ ಬರಹವನ್ನು ಗಟ್ಟಿಯಾಗಿ ಓದಿದಳು.

ಓದಲು ಬಾರದಿದ್ದರೇನು, ಕೇಳಲು ಬರುತ್ತದೆಂಬುದನ್ನು ಪ್ರೇಮವ್ವ ಮರೆತಿದ್ದಳು. ಮೊಮ್ಮಗನ ಕಣ್ಣು ಮುಂದಿನ ಸಾಲಿನಲ್ಲಿ ಕುಳಿತ ಆಕೆಯನ್ನು ನೇರವಾಗಿ ಹುಡುಕಿತು. ಆಕೆ ಸೆರಗಿನ ಅಂಚು ನೋಡತೊಡಗಿದಳು.

ಅವನ ಮುಂದೆ ಮೈಕು ಹಿಡಿದರು. ಅವನು ಜಾರುತ್ತಿದ್ದ ಪೇಟವನ್ನು ಒಂದು ಕೈಯಿಂದ ಹಿಡಿದುಕೊಂಡ. ಆಮೇಲೆ, "ನಮಸ್ಕಾರ. ಥ್ಯಾಂಕ್ ಯೂ. ಇದು... ನಮ್ಮ ಅಜ್ಜಿಗೆ," ಎಂದಷ್ಟೇ ಹೇಳಿ ಮೈಕಿನಿಂದ ಹಿಂದೆ ಸರಿದ.

ಅಷ್ಟಕ್ಕೇ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಎರಡನೆಯ ಸಾಲಿನಿಂದ ಶಿವಲಿಂಗಯ್ಯ ಎದ್ದರು. ಧಾರವಾಡದ ಕಡೆಯವರು, ವಯಸ್ಸು ಎಂಬತ್ತು, ಕೇಳಬೇಕೆನಿಸಿದ್ದನ್ನು ಕೇಳಿಯೇ ಕೂರುವವರು. "ತಮ್ಮಾ, ಎಲ್ಲಾ ಬರೋಬರಿ ಐತಿ. ನೀ ಆ ಆಟದಾಗ ಮಾಡೂದರೇ ಏನು?"

ಕಾರ್ತಿಕೇಯ ಇಂಗ್ಲಿಷಿನಲ್ಲಿ ವಿವರಿಸಿದ. ಶಿವಲಿಂಗಯ್ಯ ತಲೆ ಆಡಿಸಿ, "ತಿಳೀಲಿಲ್ಲ, ಮಾಡಿ ತೋರ್ಸು," ಎಂದರು.

ಹಣ್ಣಿನ ತಟ್ಟೆಯಲ್ಲಿ ಚೆಂಡಿನ ಆಕಾರಕ್ಕೆ ಹತ್ತಿರವಿದ್ದದ್ದು ತೆಂಗಿನಕಾಯಿ ಒಂದೇ. ಹಿಡಿಯುವವರು ಯಾರು ಎಂಬ ಪ್ರಶ್ನೆ ಬಂದಾಗ, ಕಾಲೇಜಿನಲ್ಲಿ ವಿಕೆಟ್ ಕೀಪರ್ ಆಗಿದ್ದೆ ಎಂದು ಬಾಲಸುಬ್ರಹ್ಮಣ್ಯ ತಾವೇ ವೇದಿಕೆಯ ಆ ತುದಿಗೆ ಹೋಗಿ ನಿಂತರು. ಕಾರ್ತಿಕೇಯ ಪೇಟ ತೆಗೆದಿಟ್ಟು ಬಗ್ಗಿದ. ಕಾಯಿ ಹೊರಟಿದ್ದು ಯಾರಿಗೂ ಕಾಣಲಿಲ್ಲ. ಹೋಗಿ ಸೇರಿದ್ದು ಕೇಳಿಸಿತು. ಬಾಲಸುಬ್ರಹ್ಮಣ್ಯ ಅದನ್ನು ಹೊಟ್ಟೆಗೆ ಅಪ್ಪಿಕೊಂಡು ಎರಡು ಹೆಜ್ಜೆ ಹಿಂದೆ ನಡೆದು ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತರು. ಸ್ವಲ್ಪ ಹೊತ್ತಿನ ಮೇಲೆ, "ಹಿಡ್ಕೊಂಡೆ," ಎಂದರು.

ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪಕ್ಕದಲ್ಲಿದ್ದವರು ಪ್ರೇಮವ್ವನ ಕೈ ಹಿಡಿದು ಕುಲುಕಿದರು. ಆ ಒಂದೊಂದು ಚಪ್ಪಾಳೆಯೂ ಆಕೆಗೆ ಚುಚ್ಚುತ್ತಿತ್ತು. ಹುಡುಗ ಒಂದೇ ಮಾತಿನಲ್ಲಿ ತಾನು ಬಚಾವಾಗಬಹುದಿತ್ತು. ಅಜ್ಜಿಯ ಮಾನ ಹೋಗದಿರಲೆಂದು, ತನ್ನದಲ್ಲದ ಮರ್ಯಾದೆಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ. ಇಪ್ಪತ್ತೊಂದಕ್ಕೆ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಇದೇ ಜನ ಸುಳ್ಳು ಹೇಳಿದವನು ಎನ್ನುವುದು ಅವನಿಗೆ. ಪ್ರೇಮವ್ವ ಸೊಸೆಯ ಕೈ ಬಿಡಿಸಿಕೊಂಡು ಎದ್ದಳು. ವೇದಿಕೆಗೆ ಐದು ಮೆಟ್ಟಿಲು. ಮಂಡಿ ನೋವಿನವರಿಗೆ ಅದು ಯೋಚನೆ ಮಾಡಲು ಸಾಕಾಗುವಷ್ಟು ಹೊತ್ತು, ಆದರೂ ಆಕೆ ತಿರುಗಿ ಇಳಿಯಲಿಲ್ಲ. ವಂದನಾಳ ಕೈಯಿಂದ ಮೈಕು ತೆಗೆದುಕೊಂಡಳು.

"ಎಲ್ಲಾರೂ ಕುಂದರ್ರಿ. ನನ್ನ ಮಾತು ಸಣ್ಣದು. ಈ ಹುಡುಗ ಇನ್ನೂ ಆಲ್-ಕಾನ್ಫರೆನ್ಸ್ ಆಗಿಲ್ಲ. ಆಗಬಹುದು ಅಂತ ಅವ ಅಂದಿದ್ದ, ಆಗೇದ ಅಂತ ನಾ ಅಂದೆ. ಫಸ್ಟ್ ಅಂದಾಕಿನೂ ನಾನ. ಪಟ್ಟಿ ಬರಾಕ ಇನ್ನ ಹದಿನಾರು ದಿವಸ ಐತಿ. ಇವಂದು ಏನೂ ತಪ್ಪಿಲ್ಲ."

ಕುರ್ಚಿಯಲ್ಲಿದ್ದ ಬಾಲಸುಬ್ರಹ್ಮಣ್ಯ ತೆಂಗಿನಕಾಯಿಯನ್ನು ಮಗುವಿನಂತೆ ಹಿಡಿದುಕೊಂಡೇ ಎದ್ದರು. "ಅಮ್ಮ, ನನಗೊಂದು ಮಾತು ಹೇಳೋದಲ್ವಾ?"

"ಮೂರು ಸಲ ಫೋನ್ ಮಾಡೇನ್ರಿ. ನೀವು ಬಿಸಿಬೇಳೆ ಬಾತು ಹೇಳಿದ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಮಿತಿಯವರು ವೇದಿಕೆಯ ಮೂಲೆಯಲ್ಲಿ ಸೇರಿ ಗುಸುಗುಸು ಮಾಡಿದರು. ಹೊದಿಸಿದ ಶಾಲನ್ನು ವಾಪಸ್ ತೆಗೆದುಕೊಂಡ ಪದ್ಧತಿ ಸಂಘದಲ್ಲಿಲ್ಲ. ಆಗದ್ದಕ್ಕೆ ಸನ್ಮಾನ ಮಾಡಿದ ಪದ್ಧತಿಯೂ ಇಲ್ಲ. ಐದು ನಿಮಿಷವಾದರೂ ಮುಗಿಯದಿದ್ದಾಗ ಶಿವಲಿಂಗಯ್ಯ ಮತ್ತೆ ಎದ್ದರು. "ಕಾಯಿ ಒಗದದ್ದು ಖರೇ ಐತೋ ಇಲ್ಲೋ? ಶಾಲು ಅದಕ್ಕ ಇರ್ಲಿ. ಫಲಕ ನಿಮ್ಮ ಹತ್ರ ಇಟ್ಕೋರಿ, ಪಟ್ಟಿ ಬಂದ ಮ್ಯಾಲೆ ನೋಡೂಣು."

ಎಲ್ಲರಿಗೂ ಅದು ಸರಿಕಂಡಿತು. "ಹಾಗಾದರೆ ಈಗ ಊಟಕ್ಕೆ ಹೋಗಬಹುದು," ಎಂದಳು ವಂದನಾ.

ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಕಾರ್ತಿಕೇಯ ಅಜ್ಜಿಯ ಕಡೆ ಬಗ್ಗಿದ. "ಅಜ್ಜಿ, ಯು ಡಿಡ್‌ಂಟ್ ಹ್ಯಾವ್ ಟು."

"ಮತ್ತ ಯಾರು ಹೇಳಬೇಕಾಗಿತ್ತು? ಸುಮ್ಮನ ಉಣ್ಣು."

ಇಪ್ಪತ್ತೊಂದು, ಮಂಗಳವಾರ, ಪಟ್ಟಿ ಬಂತು. ಫಸ್ಟ್ ಟೀಮಿನಲ್ಲಿ ಅವನ ಹೆಸರಿಲ್ಲ. ಸೆಕೆಂಡಿನಲ್ಲೂ ಇಲ್ಲ. ಅದರ ಕೆಳಗೆ ಆನರಬಲ್ ಮೆನ್ಷನ್, ಅಂದರೆ ಗೌರವಕ್ಕೆ ಹೆಸರು ಹೇಳಿದವರು, ಎಂದು ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಆ ಸಾಲಿನ ಕೊನೆಯಲ್ಲಿ ಅವನಿದ್ದ. ಗೋಡೆಗೆ ಏರುವುದು ಮೊದಲ ಎರಡು ತಂಡದವರು ಮಾತ್ರ. ಹೆಸರು ಹೇಳಿ ಬಿಟ್ಟುಬಿಟ್ಟರು ಎಂದು ಪ್ರೇಮವ್ವ ಗೊಣಗಿದಳು.

ಎರಡು ದಿನದ ನಂತರ ಬಾಲಸುಬ್ರಹ್ಮಣ್ಯ ಫಲಕವನ್ನು ಟವಲಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಟೇಬಲ್ಲಿನ ಮೇಲಿಟ್ಟು, "ಇಟ್ಕೊಳ್ಳಿ ಅಮ್ಮ. ಪಟ್ಟಿಯಲ್ಲಂತೂ ಬಂದಿದಾನೆ. ಫಸ್ಟೋ ಇನ್ನೊಂದೋ, ಈ ಊರಲ್ಲಿ ಕನ್ನಡ ಯಾರು ಓದ್ತಾರೆ?" ಎಂದರು.

"ನಾ ಓದ್ತೀನಲ್ರೀ," ಎಂದಳು ಪ್ರೇಮವ್ವ.

ಅಷ್ಟರಲ್ಲಿ ಫೋನ್ ಬಂತು. ಕಾರ್ತಿಕೇಯ. ಆಕೆ ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಹ್ಞೂಂ ಹ್ಞೂಂ ಎನ್ನುತ್ತ ಕೇಳಿದಳು. ಈ ಕಾಲೇಜಿನಿಂದ ಲಾಂಗ್ ಸ್ನ್ಯಾಪರ್ ಒಬ್ಬನ ಹೆಸರು ಪಟ್ಟಿಗೆ ಬಂದದ್ದು ಇದೇ ಮೊದಲಂತೆ. ಎದುರಾಳಿ ಕೋಚ್‌ಗಳಲ್ಲಿ ಮೂವರು ವೋಟು ಹಾಕಿದ್ದರಂತೆ. ಅವನಿಗೆ ಇನ್ನೂ ಒಂದು ವರ್ಷವಿದೆ, ಮುಂದಿನ ಸಲ ಸೆಕೆಂಡ್ ಟೀಮ್ ಖಂಡಿತ, ಫಸ್ಟೂ ಆಗಬಹುದು ಎಂದು ಕೋಚ್ ಹೇಳಿದರಂತೆ. ಕೊನೆಗೆ ಅವನು ನಿಧಾನವಾಗಿ, ಕನ್ನಡದಲ್ಲೇ ಹೇಳಿದ: "ಅಜ್ಜಿ, ಯಾರಿಗೂ ಹೇಳಬೇಡ."

ಆಕೆ ಫೋನ್ ಇಟ್ಟಳು. ಬಾಲಸುಬ್ರಹ್ಮಣ್ಯ ಕುರ್ಚಿಯ ತುದಿಗೆ ಬಂದಿದ್ದರು.

"ಏನಂತೆ?"

"ಊಟ ಆತೇನು ಅಂತ ಕೇಳಿದ."

"ಹತ್ತು ನಿಮಿಷ ಊಟದ ವಿಷಯಾನೇ ಮಾತಾಡಿದನಾ?"

"ಭಾಳ ಉಣ್ಣತಾನ್ರಿ ಅವ," ಎಂದು ಪ್ರೇಮವ್ವ ಫಲಕವನ್ನು ಮತ್ತೆ ಟವಲಿನಲ್ಲಿ ಸುತ್ತಿ ಅವರ ಕೈಗೆ ಕೊಟ್ಟಳು, ಅವರು ಇನ್ನೇನಾದರೂ ಕೇಳುವ ಮೊದಲೇ ಚಹಾ ಕಾಸಲು ಎದ್ದಳು.